ಹದಿನೆಂಟು ಅಡಿ ಚರಂಡಿ

ಊರಿನ ಹೆಸರು ಹೇಳುವುದಿಲ್ಲ. ಚನ್ನಗಿರಿ, ಹೊನ್ನಾಳಿ ಕಡೆಯದು ಅಂತ ಇಟ್ಟುಕೊಳ್ಳಿ, ಸಾಕು. ಹೆಸರು ಹೇಳಿದರೆ ಯಾರಾದರೂ ಪುಣ್ಯಾತ್ಮರು ಹೋಗಿ ಆ ಚರಂಡಿಯನ್ನು ನೋಡಿಕೊಂಡು ಬಂದಾರು. ಈ ವಯಸ್ಸಿನಲ್ಲಿ ಮತ್ತೆ ನಾಚಿಕೆ ಪಡುವಷ್ಟು ತ್ರಾಣ ನನಗಿಲ್ಲ.

ನಾನು ಹುಟ್ಟಿದ್ದು ಆ ಚರಂಡಿ ಇರುವ ಬೀದಿಯಲ್ಲಿ, ಹಲ್ಲು ಉದುರಿದ್ದೂ ಅಲ್ಲೇ. ಬೀದಿಯ ತುದಿಯಲ್ಲಿದ್ದ ಅಪ್ಪನ ಹಿಟ್ಟಿನ ಗಿರಣಿ ನನ್ನ ಪಾಲಿಗೆ ಬಂದಿತ್ತು. ಗಿರಣಿಯವನಿಗೆ ಊರಿನ ಕಷ್ಟಸುಖವೆಲ್ಲ ಗೊತ್ತಿರುತ್ತದೆ ಅನ್ನುತ್ತಾರೆ. ಸುಳ್ಳು. ಮಷಿನ್ನಿನ ಸದ್ದಿನಲ್ಲಿ ಯಾರು ಏನು ತೋಡಿಕೊಂಡರೂ ನನಗೆ ಕೇಳುತ್ತಲೇ ಇರಲಿಲ್ಲ. ಸುಮ್ಮನೆ ತಲೆಯಾಡಿಸುತ್ತಿದ್ದೆ. ತಲೆಯಾಡಿಸಿ ತಲೆಯಾಡಿಸಿಯೇ ಒಳ್ಳೆಯ ಮನುಷ್ಯ ಅನ್ನಿಸಿಕೊಂಡಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಮಳೆಗಾಲ. ಅವತ್ತು ಕರೆಂಟು ಹೋಗಿತ್ತು. ಕೆಳಗಿನ ಓಣಿಯ ಹೆಂಗಸೊಬ್ಬಳು ಜೋಳದ ಬುಟ್ಟಿ ಪಕ್ಕದಲ್ಲಿಟ್ಟುಕೊಂಡು ಕಾಯುತ್ತ ಕೂತಿದ್ದಳು. ಗಂಡ ಹೆಂಡತಿ ಇಬ್ಬರೂ ಕೂಲಿಗೆ ಹೋಗುವವರು. ಕರೆಂಟು ಬರುವ ಹೊತ್ತಿಗೆ ರೊಟ್ಟಿ ಬಡಿಯುವ ಹೊತ್ತೂ ಆಗುತ್ತದಲ್ಲ ಅಂತ ನಾನೇ ಮಾತು ತೆಗೆದೆ. ಅದಕ್ಕೆ ಅವಳು ಹೇಳಿದ್ದು ಇಷ್ಟೇ:

"ರೊಟ್ಟಿ ಎಲ್ಲಿ ಬಡೀಲಣ್ಣಾ? ನಿಮ್ಮ ಬೀದಿ ಬಚ್ಚಲ ನೀರು ಬಂದು ನಮ್ಮ ಒಲೆಯೊಳಗೆ ನಿಂತೈತೆ."

ಬೈಯಲಿಲ್ಲ, ಅಳಲಿಲ್ಲ. ಹೊರಗೆ ಮೋಡ ಹಾಕಿದೆ ಅನ್ನುವ ಹಾಗೆ ಹೇಳಿದಳು. ಮಷಿನ್ನು ಓಡುತ್ತಿದ್ದರೆ ನಾನು ಅದಕ್ಕೂ ತಲೆಯಾಡಿಸುತ್ತಿದ್ದೆ. ಅವತ್ತು ಕೇಳಿಸಿಬಿಟ್ಟಿತು. ಹಾಳಾದ ಕರೆಂಟು.

ನಮ್ಮ ಬೀದಿ ಇಳಿಜಾರಿನದು. ನನ್ನ ಅಜ್ಜನ ಕಾಲದಲ್ಲಿ ಎರಡೂ ಬದಿಗೆ ಕಲ್ಲಿನ ಚರಂಡಿ ಇತ್ತಂತೆ. ಯಾರೋ ಒಬ್ಬರು ಅದರ ಮೇಲೆ ಚಪ್ಪಡಿ ಹಾಸಿ ಜಗಲಿಯನ್ನು ಎರಡಡಿ ಮುಂದಕ್ಕೆ ತಂದರು. ಪಕ್ಕದವರು ಬಿಟ್ಟಾರೆಯೇ? ಅವರು ಮೂರಡಿ ತಂದರು. ನಮ್ಮಪ್ಪನೂ ಎತ್ತಿನ ಗಾಡಿಯಲ್ಲಿ ಕಲ್ಲು ತರಿಸಿ, ಬೀದಿಗೆಲ್ಲ ಚಂದ ಅನ್ನಿಸುವಂಥ ಜಗಲಿ ಕಟ್ಟಿಸಿದ. ಅಡಿಯಲ್ಲಿದ್ದ ಚರಂಡಿ ಮಣ್ಣು ಮುಚ್ಚಿಕೊಂಡು ಸತ್ತಿತು. ಎಲ್ಲರ ಬಚ್ಚಲ ನೀರೂ ನಡುಬೀದಿಗೆ ಇಳಿದು, ಮಳೆಯ ನೀರಿನ ಜೊತೆ ಸೇರಿ ಕೆಳಗಿನ ಓಣಿಯ ಮನೆಗಳಿಗೆ ನುಗ್ಗುತ್ತಿತ್ತು. ಮೂವತ್ತೈದು ವರ್ಷ ನಾನು ಆ ನೀರನ್ನು ದಾಟಿಕೊಂಡೇ ಓಡಾಡಿದ್ದೆ. ಅದು ಎಲ್ಲಿಗೆ ಹೋಗುತ್ತದೆ ಅಂತ ಒಂದು ದಿನವಾದರೂ ಯೋಚಿಸಿರಲಿಲ್ಲ.

ಅರ್ಜಿ ಬರೆದೆ. ಒಂದಲ್ಲ, ಒಂದು ಕಟ್ಟು. ಪುರಸಭೆಯ ಗುಮಾಸ್ತರು ಪಾಪ ಒಳ್ಳೆಯವರೇ, ಪ್ರತಿ ಸಲವೂ ಕೂರಿಸಿ ಮಾತಾಡಿಸುತ್ತಿದ್ದರು. ಚರಂಡಿ ತೆಗೆಯಲು ಜಾಗ ಎಲ್ಲಿದೆ ತೋರಿಸಿ ಅನ್ನುತ್ತಿದ್ದರು. ಅಷ್ಟರಲ್ಲಿ ಪುರಸಭೆಯ ಚುನಾವಣೆ ಬಂತು. ನೀವೇ ನಿಂತುಬಿಡ್ರಿ, ನಿಮಗಲ್ಲದೆ ಇನ್ಯಾರಿಗೆ ಹಾಕ್ತೀವಿ ಅಂತ ಗಿರಣಿಗೆ ಬಂದವರೆಲ್ಲ ಹೇಳತೊಡಗಿದರು. ನಾನು ನಂಬಿದೆ. ಗುರುತಿಗೆ ಸೈಕಲ್ಲು ಕೇಳಿದ್ದೆ, ಏಣಿ ಕೊಟ್ಟರು. ಹತ್ತೋಕೆ ಒಳ್ಳೇದೇ ಬಿಡು ಅಂತ ಹೆಂಡತಿ ನಕ್ಕಳು.

ಓಟು ಕೇಳಲು ಮನೆಮನೆಗೆ ಹೋದೆ. ಗೆದ್ದರೆ ಮಾಡುವ ಕೆಲಸ ಒಂದೇ, ಚರಂಡಿ ಅಂದೆ. ಎಲ್ಲರೂ ಜಗಲಿಯ ಮೇಲೆ ಕೂರಿಸಿ ಚಹಾ ಕೊಟ್ಟರು, ಆಗಲಿ ಆಗಲಿ ಅಂದರು. ಒಬ್ಬ ಮುದುಕ ಮಾತ್ರ ಎಲೆಗೆ ಸುಣ್ಣ ಹಚ್ಚುತ್ತ ಕಣ್ಣು ಕಿರಿದು ಮಾಡಿದ.

"ಚರಂಡಿ ಮಾಡಾಕೆ ಜಗಲಿ ಒಡೀಬೇಕಲ್ಲೋ. ಮೊದ್ಲು ನಿಂದು ಒಡಿ, ನೋಡಾನ."

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು ಆಗ. ಮರುದಿನ ಬೆಳಿಗ್ಗೆ ಹಾರೆ ತಗೊಂಡೆ. ಇಬ್ಬರು ಆಳುಗಳನ್ನು ಕರೆದೆ. ಮಧ್ಯಾಹ್ನದ ಊಟದ ಹೊತ್ತಿಗೆ ಅಪ್ಪನ ಚಪ್ಪಡಿಗಳು ಗೋಡೆಗೆ ಒರಗಿ ನಿಂತಿದ್ದವು. ಮೈಯೆಲ್ಲ ಬೆವರು, ಮನಸ್ಸು ತುಂಬ ಜಂಬ. ಬೀದಿಯ ಜನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮೆಚ್ಚಿಕೊಂಡು ನೋಡುತ್ತಿದ್ದಾರೆ ಅಂದುಕೊಂಡೆ. ಎಂಥ ದಡ್ಡ ನಾನು!

ಅವ್ವ ಆ ವಾರ ಊರಲ್ಲಿರಲಿಲ್ಲ. ನ್ಯಾಮತಿಯಲ್ಲಿದ್ದ ನನ್ನ ತಂಗಿಯ ಮನೆಗೆ ಹೋಗಿದ್ದಳು. ಅಪ್ಪ ಹೋದ ಮೇಲೆ ಅವಳ ಲೋಕ ಅಂದರೆ ಆ ಜಗಲಿಯೇ. ಸೊಪ್ಪು ಬಿಡಿಸುವುದು ಅಲ್ಲಿ, ಬಟ್ಟೆಗೆ ತೇಪೆ ಹಾಕುವುದು ಅಲ್ಲಿ, ಹೋಗಿಬರುವವರನ್ನು ಹಿಡಿದು ನಿಲ್ಲಿಸಿ ಮಗಳ ಬಾಣಂತನದಿಂದ ಹಿಡಿದು ಮೊಣಕಾಲು ನೋವಿನ ತನಕ ವಿಚಾರಿಸುವುದೂ ಅಲ್ಲೇ. ಬಸ್ಸಿಳಿದು ಚೀಲ ಹಿಡಿದುಕೊಂಡು ಬಂದವಳು ಮನೆಯ ಮುಂದೆ ನಿಂತಳು. ಮನೆ ತಪ್ಪಿತೇನೋ ಅನ್ನುವ ಹಾಗೆ ಆ ಕಡೆ ಈ ಕಡೆ ನೋಡಿದಳು. ನಾನು ಚರಂಡಿ, ಕೆಳಗಿನ ಓಣಿ, ಆ ಹೆಂಗಸಿನ ಒಲೆ, ಮಾದರಿ ಅಂತ ಏನೇನೋ ಒದರಿದೆ. ಎಲ್ಲ ಕೇಳಿಸಿಕೊಂಡಳು.

"ಇನ್ನು ಮನೆಗೆ ಬಂದೋರು ಎಲ್ಲಿ ಕೂರ್ತಾರಪ್ಪ?" ಅಂದಳು.

ತಾನು ಎಲ್ಲಿ ಕೂರಲಿ ಅಂತ ಕೇಳಲಿಲ್ಲ. ಚೀಲ ಒಳಗಿಟ್ಟು, ಬೀದಿ ದಾಟಿ, ಎದುರುಮನೆಯ ಚಿಕ್ಕವ್ವನ ಜಗಲಿಯ ಮೇಲೆ ಹೋಗಿ ಕೂತಳು. ಚಿಕ್ಕವ್ವ ನಮಗೆ ಸಂಬಂಧಿಯೇನಲ್ಲ. ಅವಳೂ ಗಂಡನನ್ನು ಕಳೆದುಕೊಂಡವಳು, ಅವ್ವನ ವಾರಿಗೆಯವಳು. ಅವತ್ತಿನಿಂದ ಊಟಕ್ಕೆ, ನಿದ್ದೆಗೆ ಬಿಟ್ಟರೆ ಅವ್ವ ಇರುತ್ತಿದ್ದುದು ಅಲ್ಲಿಯೇ.

ನನ್ನ ಎದುರಾಳಿ ಸಿಮೆಂಟು ಕಬ್ಬಿಣದ ವ್ಯಾಪಾರಿ. ನಗುಮೊಗದವನು. ಅವನು ಚರಂಡಿಯ ಸುದ್ದಿಯನ್ನೇ ಎತ್ತಲಿಲ್ಲ. ಪ್ರತಿ ಮನೆಯ ಜಗಲಿಯ ಮೇಲೂ ಕೂತ, ಎರಡು ಸಲ ಕಲ್ಲು ತಟ್ಟಿದ, ಗಟ್ಟಿ ಐತೆ ಬಿಡ್ರಿ, ಇದಕ್ಕೆ ಯಾರೂ ಕೈ ಹಚ್ಚಾಕೆ ಬಿಡಲ್ಲ ಅಂದ, ಎದ್ದು ಹೋದ. ಅಷ್ಟೇ ಅವನ ಪ್ರಚಾರ. ಹೆತ್ತ ತಾಯಿ ಊರಲ್ಲಿ ಇಲ್ಲದಾಗ ಅವಳು ಕೂರುವ ಜಾಗ ಕಿತ್ತವನು ನಮ್ಮದನ್ನು ಬಿಟ್ಟಾನೆಯೇ ಅಂತ ಬೀದಿ ಮಾತಾಡಿಕೊಂಡಿತು. ಅದು ನನಗೆ ತಿಳಿದದ್ದು ಸೋತ ಮೇಲೆ.

ಸೋತೆ. ಹೀನಾಯವಾಗಿ ಸೋತೆ. ಕೆಳಗಿನ ಓಣಿಯವರು ಒಬ್ಬರೂ ತಪ್ಪದೆ ಏಣಿಗೆ ಮುದ್ರೆ ಒತ್ತಿದ್ದರು ಅಂತ ಆಮೇಲೆ ಗೊತ್ತಾಯಿತು. ನಮ್ಮ ಬೀದಿಯಲ್ಲಿ ಒತ್ತಿದವರು ನಾನು, ನನ್ನ ಹೆಂಡತಿ, ಅವ್ವ. ಹಾಗಂತ ಲೆಕ್ಕ ಹಾಕಿಕೊಂಡಿದ್ದೆ.

ಗೆದ್ದವನು ಮೋಸ ಮಾಡಲಿಲ್ಲ, ಅದೇ ತಮಾಷೆ. ಎರಡು ವರ್ಷಕ್ಕೆ, ಯಾರ ಜಗಲಿಯನ್ನೂ ಮುಟ್ಟದ ಹಾಗೆ, ಚರಂಡಿ ಕೆಲಸ ಮಂಜೂರು ಮಾಡಿಸಿದ. ಅಳತೆಯ ಟೇಪು ಹಿಡಿದವರು ಬೀದಿಯ ಉದ್ದಕ್ಕೂ ನಡೆದು, ಎಲ್ಲಿಯೂ ಜಾಗ ಕಾಣದೆ, ನಮ್ಮ ಮನೆಯ ಮುಂದೆ ಬಂದು ನಿಂತರು. ಅಲ್ಲಿ ಒಡೆಯುವುದು ಏನೂ ಇರಲಿಲ್ಲವಲ್ಲ. ನಮ್ಮ ಮನೆಯ ಅಗಲಕ್ಕೆ ಸರಿಯಾಗಿ, ಹದಿನೆಂಟು ಅಡಿ ಉದ್ದದ ಸಿಮೆಂಟು ಚರಂಡಿ ಆಯಿತು. ಈ ತುದಿಗೆ ಪಕ್ಕದ ಮನೆಯ ಜಗಲಿ, ಆ ತುದಿಗೆ ಇನ್ನೊಬ್ಬರ ಜಗಲಿ. ನೀರು ಒಳಗೆ ಬರುತ್ತಿತ್ತು, ಹೊರಗೆ ಹೋಗಲು ದಾರಿ ಇರಲಿಲ್ಲ. ಸೊಳ್ಳೆ ಸಾಕಿದ ಹಾಗಾಯಿತು. ಕೋಪ ಮಾಡಿಕೊಳ್ಳೋಣ ಅಂದರೆ ಅದೂ ಬರಲಿಲ್ಲ. ಸಾಕಾಗಿತ್ತು.

ಅದರ ಮುಂದಿನ ಮಳೆಗಾಲದಲ್ಲಿ, ಮೂರು ದಿನ ಹಿಡಿದ ಮಳೆ ಬಿಟ್ಟು ಬಿಸಿಲು ಬಿದ್ದ ಬೆಳಿಗ್ಗೆ, ಅದೇ ಕೆಳಗಿನ ಓಣಿಯ ಹೆಂಗಸು ಗಿರಣಿಗೆ ಬಂದಳು. ಬುಟ್ಟಿಯಲ್ಲಿ ಕೈ ಹಾಕಿದೆ. ಜೋಳ ಹಸಿಹಸಿ. ಮನೆಯೊಳಗೆ ನೀರು ನುಗ್ಗಿ ಚೀಲ ನೆನೆದಿತ್ತು. ನೆನೆದ ಕಾಳು ಬೀಸುವ ಕಲ್ಲಿಗೆ ಮೆತ್ತಿಕೊಳ್ಳುತ್ತದೆ, ಮಷಿನ್ನಿಗೆ ಹಾಕಲು ಆಗುವುದಿಲ್ಲ. ಒಣಗಿಸಿಕೊಂಡು ಬಾರಮ್ಮ ಅಂದೆ.

"ಎಲ್ಲಿ ಒಣಗಿಸ್ಲಣ್ಣಾ?" ಅಂದಳು. "ಒಣಗಿದ ಜಾಗ ಯಾವುದೈತೆ?"

ಬುಟ್ಟಿ ಹೊತ್ತುಕೊಂಡು ಹೊರಟೆ. ಅವಳು ಹಿಂದೆ ಬಂದಳು. ನಮ್ಮ ಮನೆಯ ಮುಂದೆ ಚರಂಡಿ ತುಂಬಿ ನಾರುತ್ತಿತ್ತು. ಅಪ್ಪನ ಜಗಲಿ ಇದ್ದಿದ್ದರೆ ಅಲ್ಲೇ ಹರವಬಹುದಿತ್ತು. ಬೀದಿ ದಾಟಿ ಚಿಕ್ಕವ್ವನ ಮನೆಗೆ ಹೋದೆ. ಅವ್ವ ಅಲ್ಲೇ ಕೂತಿದ್ದಳು. ವಿಷಯ ಹೇಳಿದೆ. ಚಿಕ್ಕವ್ವ ಒಳಗಿಂದ ಹಳೇ ಸೀರೆ ತಂದು ಹಾಸಿದಳು. ಅವ್ವ ಒಂದು ಮೂಲೆಗೆ ಸರಿದು, ಜೋಳದ ಮೇಲೆ ಕೈಯಾಡಿಸತೊಡಗಿದಳು. ಆ ಹೆಂಗಸು ಜಗಲಿ ಹತ್ತದೆ ಕೆಳಗೇ ನಿಂತು ಇನ್ನೊಂದು ತುದಿಯನ್ನು ಹರವುತ್ತಿದ್ದಳು.

"ನಾನು ಏಣಿಗೆ ಒತ್ತಲಿಲ್ಲಪ್ಪ," ಅಂದಳು ಅವ್ವ. ತಲೆ ಎತ್ತಿರಲಿಲ್ಲ. "ಈ ಜಗಲಿನೂ ಹೋದ್ರೆ ನಾನೆಲ್ಲಿ ಕೂರ್ಲಿ ಅನ್ನಿಸ್ತು. ಇವಳ ಒಲೆ ನೆನಪಾಗ್ಲಿಲ್ಲ ನನಗೆ."

ಹಾರೆ ಹಿಡಿದ ದಿನ ನನಗೂ ಅವ್ವನ ನೆನಪಾಗಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಬೇಕಿತ್ತು.

ಆ ಹೆಂಗಸು ಎಲ್ಲ ಕೇಳಿಸಿಕೊಂಡಿದ್ದಳು. ಕೈ ನಿಲ್ಲಿಸಲಿಲ್ಲ. ಕೊನೆಯ ಹಿಡಿ ಜೋಳ ಹರವಿ, ಕೈ ಸೆರಗಿಗೆ ಒರೆಸಿಕೊಂಡು, ಸಂಜೆಗೆ ಒಣಗ್ತೈತಾ ಅಣ್ಣಾ ಅಂತ ಕೇಳಿದಳು. ಪಡುವಣದಲ್ಲಿ ಮುಗಿಲು ಮತ್ತೆ ಕಪ್ಪಾಗುತ್ತಿತ್ತು. ನಾನು ತಲೆಯಾಡಿಸಿದೆ.