ಕುಂಕುಮ ಸೀಟಿಗೆ, ತುಕ್ಕು ಬ್ಲೇಡಿಗೆ

ಕಳೆದ ಭಾನುವಾರ ಬೆಳಗ್ಗೆ ನಾನು ಒಂದು ಗಾಡಿಯ ಕೆಳಗೆ ಮಲಗಿದ್ದೆ. (ಗಾಬರಿಯಾಗಬೇಡಿ, ಆಕ್ಸಿಡೆಂಟ್ ಅಲ್ಲ.)

ತಲಘಟ್ಟಪುರದಾಚೆಯ ನಮ್ಮ ಲೇಔಟಿನಲ್ಲಿ ದೊಡ್ಡದೊಂದು ಹುಲ್ಲುಹಾಸಿದೆ. ಅದನ್ನು ಕತ್ತರಿಸಲು ಒಂದು ಮೋವರ್, ಮೇಲೆ ಕೂತು ಓಡಿಸುವಂಥದ್ದು. ಪುಟ್ಟ ಟ್ರ್ಯಾಕ್ಟರ್ ಅಂದುಕೊಳ್ಳಿ. ಓಡಿಸುವ ಸರದಿ ನಮ್ಮನಮ್ಮದೇ. ಅದಕ್ಕಾಗಿ ಕಿತ್ತಾಡುವವರೂ ಇದ್ದಾರೆ. ಆದರೆ ಈಚೆಗೆ ಕತ್ತರಿಸಿದ ಮಾರನೇ ದಿನವೇ ಹಾಸೆಲ್ಲ ಕಂದುಬಣ್ಣಕ್ಕೆ ತಿರುಗುತ್ತಿತ್ತು. ನೀರು ಹೆಚ್ಚು ಬಿಟ್ಟೆವು, ಗೊಬ್ಬರ ಹಾಕಿದೆವು. ಊಹೂಂ.

ಕೊನೆಗೆ ನಮ್ಮ ಸೆಕ್ರೆಟರಿ ನಂಜುಂಡಪ್ಪನವರು ತೀರ್ಪು ಕೊಟ್ಟೇಬಿಟ್ಟರು. "ಹುಲ್ಲು ಸತ್ತೋಯ್ತು ಮೇಡಂ. ಪೇವರ್ ಬ್ಲಾಕ್ ಹಾಕ್ಸಿಬಿಡೋಣ. ಪಾರ್ಕಿಂಗಾದ್ರೂ ಆಗುತ್ತೆ."

ಪಾರ್ಕಿಂಗಾ? ನಾನು ದಿನಾ ಬರಿಗಾಲಲ್ಲಿ ನಡೆಯುವ, ಮಕ್ಕಳು ಬಿದ್ದರೂ ಮೊಣಕಾಲು ತರಚದ ಜಾಗದಲ್ಲಿ ಕಾರು ನಿಲ್ಲಿಸಬೇಕೆ? ಮೈ ಉರಿಯಿತು. ಮುಂದಿನ ಮೀಟಿಂಗಿನವರೆಗೆ ತಡೆಯಿರಿ ಎಂದೆ.

ಒಂದು ಎಸಳು ಕಿತ್ತು ನೋಡಿದೆ. ತುದಿ ತುಂಡಾಗಿರಲಿಲ್ಲ, ಹರಿದು ನಾರುನಾರಾಗಿತ್ತು. ಹುರುಳಿಕಾಯಿ ಹೆಚ್ಚುವವರಿಗೆ ಬಿಡಿಸಿ ಹೇಳಬೇಕೆ? ಮೊಂಡು ಈಳಿಗೆಮಣೆ ಮಾಡುವ ಕೆಲಸವೂ ಇದೇ.

ಹಾಗಾಗಿ ಭಾನುವಾರ ಗಾಡಿಯ ಕೀ ತೆಗೆದು, ಎಂಜಿನ್ ಅಪ್ಪಿತಪ್ಪಿಯೂ ಶುರುವಾಗದಂತೆ ಸ್ಪಾರ್ಕ್ ಪ್ಲಗ್ಗಿನ ವೈರ್ ಬಿಡಿಸಿ, ಮುಂದಿನ ಚಕ್ರಗಳನ್ನು ಎತ್ತರದಲ್ಲಿ ಭದ್ರವಾಗಿ ನಿಲ್ಲಿಸಿ ಕೆಳಗೆ ತಲೆ ಹಾಕಿದೆ. ಬ್ಲೇಡಿನ ಮೇಲೆ ಒಣಹುಲ್ಲಿನ ಪದರ. ಅದರಡಿ ತುಕ್ಕು. ಅಂಚು ನನ್ನ ಹೆಬ್ಬೆರಳಿನಷ್ಟು ದುಂಡಗೆ.

ಈ ಗಾಡಿಗೆ ನಾವು ಪ್ರತಿವರ್ಷ ಆಯುಧಪೂಜೆ ಮಾಡುತ್ತೇವೆ ಸ್ವಾಮಿ! ಬಾನೆಟ್ಟಿಗೆ ಚೆಂಡುಹೂವಿನ ಹಾರ, ಸೀಟಿಗೆ ಕುಂಕುಮ, ಚಕ್ರದಡಿ ನಿಂಬೆಹಣ್ಣು. ಬೂದುಗುಂಬಳವನ್ನೂ ಒಡೆಯುತ್ತೇವೆ. ಅದರಲ್ಲಿ ಆಯುಧ ಅಂತ ಇರುವುದೇ ಬ್ಲೇಡ್. ಅದೊಂದನ್ನು ಮಾತ್ರ ಯಾರೂ ಬಗ್ಗಿ ನೋಡಿರಲಿಲ್ಲ.

ಗ್ಲೌಸ್ ಹಾಕಿಕೊಂಡು ಬಿಚ್ಚಿದೆ. ಕೆರೆದು ತೊಳೆದು, ಮೊದಲಿದ್ದ ಓರೆಯಲ್ಲೇ ಅರ ಹಾಕಿ ಉಜ್ಜಿದೆ. (ಶೇವಿಂಗ್ ಬ್ಲೇಡಿನಷ್ಟು ಹರಿತ ಬೇಡ, ಬೇಗ ಮುಕ್ಕಾಗುತ್ತದೆ.) ಆಮೇಲೆ ಎರಡೂ ಕಡೆ ತೂಕ ಸಮ ಇದೆಯೇ ಎಂದು ನೋಡಲು ನಡುವಿನ ತೂತಿನಿಂದ ಗೋಡೆಯ ಮೊಳೆಗೆ ತೂಗುಹಾಕಿದೆ. (ಸಮ ಇಲ್ಲದಿದ್ದರೆ ಓಡುವಾಗ ಗಾಡಿಯೆಲ್ಲ ಅದುರುತ್ತದೆ.) ಒಂದು ಕಡೆ ವಾಲಿತು. ಭಾರದ ಕಡೆಗೆ ಇನ್ನಷ್ಟು ಅರ. ಕೊನೆಗೆ ತಕ್ಕಡಿಯಂತೆ ನೇರ ನಿಂತಾಗ ನಮ್ಮನೆಯವರನ್ನು ಕೂಗಿ ಕರೆದು ತೋರಿಸಿದೆ. ಅವರು ಫೋಟೋ ತೆಗೆದರು. ಪೋಸೂ ಕೊಟ್ಟೆ. ಯಾಕೆ ಕೊಡಬಾರದು?

ಬ್ಲೇಡ್ ಕೂರಿಸಿ, ನಾನೇ ಗಾಡಿ ಏರಿ ಇಡೀ ಹಾಸು ಕತ್ತರಿಸಿದೆ.

ಬುಧವಾರ ವಾಕಿಂಗ್ ಬಂದ ನಂಜುಂಡಪ್ಪನವರು ಬಗ್ಗಿ ಒಂದು ಎಸಳು ಕಿತ್ತು, ಕನ್ನಡಕ ಮೇಲೆತ್ತಿ ನೋಡಿದರು. ತುದಿಯವರೆಗೂ ಹಸಿರು. "ಪೇವರ್ ವಿಷ್ಯ ಮೀಟಿಂಗಲ್ಲಿ ತರಲ್ಲ ಬಿಡಿ ಮೇಡಂ," ಎಂದರು. ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದರು. "ನಮ್ಮನೇಲಿ ಕಾಯಿ ಕೆತ್ತೋ ಮಚ್ಚೊಂದು ಮೊಂಡಾಗಿದೆ. ತಂದ್ಕೊಡ್ಲಾ?"

ಹೆಮ್ಮೆಯಾಯಿತು. ಸುಳ್ಳು ಯಾಕೆ ಹೇಳಲಿ, ಅವತ್ತು ಹುಲ್ಲಿನ ಮೇಲೆ ಒಂದು ಸುತ್ತು ಜಾಸ್ತಿಯೇ ನಡೆದೆ. ಈ ಸಲ ಆಯುಧಪೂಜೆಯಲ್ಲಿ ಮೊದಲ ಕುಂಕುಮ ಬ್ಲೇಡಿಗೆ, ಅದೂ ಅರ ಹಾಕಿದ ಮೇಲೆ.

ಅಂದಹಾಗೆ, ಕಳೆದ ವರ್ಷ ಹಾರ ಹಾಕಿಸಿಕೊಂಡ ನಿಮ್ಮ ಸ್ಕೂಟರಿನ ಬ್ರೇಕ್ ಈಗ ಹೇಗಿದೆ?