ಕಾಯಿಲೆ ಇಲ್ಲದವರ ಗುಂಪಿನ ಅತ್ತೆ

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಬಾಡಿಗೆ ಕೋಣೆ ಹಿಡಿದು ನಾನು ಒಂದು ಮಾನಸಿಕ ಆರೋಗ್ಯ ಸಂಶೋಧನೆಗಾಗಿ ಸುತ್ತಲಿನ ಊರುಗಳನ್ನು ತಿರುಗುತ್ತಿದ್ದೆ. ಜನರನ್ನು ಮಾತಾಡಿಸುವುದು ನನ್ನ ಕೆಲಸ. ನಿಮಗೆ ಯಾವ ಕಾಯಿಲೆ ಎಂದು ನಾವು ಕೇಳುತ್ತಿರಲಿಲ್ಲ. ನಿದ್ದೆ ಎಷ್ಟು ಕೆಟ್ಟಿದೆ, ಭಯ ಎಷ್ಟಿದೆ, ಒಂದೇ ಯೋಚನೆ ಎಷ್ಟು ಕಾಡುತ್ತದೆ, ಊಟ ಮಾತು ಕೆಲಸ ಎಷ್ಟು ರುಚಿಸುತ್ತವೆ, ಇಷ್ಟೇ ಕೇಳುತ್ತಿದ್ದೆವು. ಖಿನ್ನತೆ ಅನ್ನಿಸಿಕೊಂಡವರಿಗೂ, ಗೀಳು ಅನ್ನಿಸಿಕೊಂಡವರಿಗೂ, ಏನೂ ಇಲ್ಲದವರಿಗೂ ಅವೇ ಪ್ರಶ್ನೆಗಳು. ಕಾಯಿಲೆಯ ಹೆಸರುಗಳ ನಡುವಿನ ಗೋಡೆ ನಿಜಕ್ಕೂ ಅಷ್ಟು ಗಟ್ಟಿಯೇ ಎಂದು ನೋಡಬೇಕಿತ್ತು.

ಹಾಗೆ ಒಮ್ಮೆ ಸಿರುಗುಪ್ಪದಲ್ಲಿ ಕಾಲುವೆ ಪಕ್ಕದ ಓಣಿಯ ಒಂದು ಮನೆಗೆ ಹೋದೆ. ಆ ಮನೆಯ ಸೊಸೆ ಬಟ್ಟೆ ಹೊಲಿಯುತ್ತಿದ್ದಳು, ತವರು ಕುರುಗೋಡು. ಗ್ಯಾಸ್ ಆರಿಸಿದ್ದೇನೆಯೋ ಇಲ್ಲವೋ ಎಂದು ಮತ್ತೆ ಮತ್ತೆ ನೋಡುತ್ತಾಳೆಂದು ಮೊದಲ ವೈದ್ಯರು ಗೀಳು ಅಂದಿದ್ದರು. ಸಂತೆಯಲ್ಲಿ ಎದೆ ಡವಡವ ಹೊಡೆದುಕೊಂಡಾಗ ಇನ್ನೊಬ್ಬರು ಆತಂಕ ಅಂದರು. ಹೊಲಿಗೆ ಮಿಷನ್ ಮುಟ್ಟಲೂ ಮನಸ್ಸಾಗದೆ ಮಲಗಿದಾಗ ಮತ್ತೊಬ್ಬರು ಖಿನ್ನತೆ ಅಂದರು.

"ಹಂಗಾದ್ರ ನನಗ ಮೂರು ರೋಗ ಅದಾವೇನ್ರಿ?" ಎಂದು ಅವಳು ಕೇಳಿದಳು.

"ಮೂರು ಅನ್ನಾಕ ಬರಂಗಿಲ್ಲ. ಒಂದೇ ತೊಂದರೆ ಬ್ಯಾರೆ ಬ್ಯಾರೆ ರೀತಿ ಕಾಣಸ್ತಿರಬೌದು. ಅದನ್ನ ತಿಳ್ಕೊಳಾಕ ಬಂದೀನಿ" ಅಂದೆ.

ಅವಳ ಸರದಿ ಮುಗಿದ ಮೇಲೆ ಅತ್ತೆ ತಾವಾಗಿ ಮುಂದೆ ಬಂದರು. ಹೋಲಿಸಿ ನೋಡಲು ಕಾಯಿಲೆ ಇಲ್ಲದವರ ಗುಂಪೂ ನಮಗೆ ಬೇಕಿತ್ತು. "ನನ್ನ ಕೇಳಮ್ಮ. ಈ ಮನ್ಯಾಗ ಗಟ್ಟಿ ಇರಾಕಿ ನಾ ಒಬ್ಬಾಕಿ. ಆಕಿದು ಬರೇ ನಾಟಕ" ಅಂದರು. ಸೊಸೆ ಎದ್ದು ಅಡುಗೆಮನೆಗೆ ಹೋದಳು. ನಾವಿಬ್ಬರೂ ಹಿತ್ತಲಿನ ಬೇವಿನ ನೆರಳಿಗೆ ಹೋಗಿ ಕೂತೆವು.

ಭಯಕ್ಕೆ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದೆ. "ಹತ್ತಕ್ಕ ಹತ್ತು ಹಾಕು, ಕಡಿಮಿ ಹಾಕಬ್ಯಾಡ" ಅಂದರು. ಹೆಚ್ಚು ಅಂಕ ಬಂದರೆ ಪಾಸು ಎಂದು ತಿಳಿದಿದ್ದರು. ನಗು ತಡೆದುಕೊಂಡು ಪ್ರಶ್ನೆಯನ್ನು ಬದಲಿಸಿದೆ. ಕಾಲುವೆಯಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಭಯದ ನೀರು ಪಾದದವರೆಗೋ, ಮೊಣಕಾಲವರೆಗೋ, ಕುತ್ತಿಗೆವರೆಗೋ?

ಅವರು ಹೇಳತೊಡಗಿದರು. ಗಂಡ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗಿನಿಂದ ಮಗ ಬೈಕ್ ಹತ್ತಿದರೆ ಕೈ ತಣ್ಣಗಾಗುತ್ತದೆ. ಅವನು ಕೆಲಸ ಮಾಡುವ ರೈಸ್ ಮಿಲ್ ಮುಟ್ಟಿದ್ದು ಗೊತ್ತಾಗುವವರೆಗೆ ಫೋನ್ ಮಾಡುತ್ತಲೇ ಇರಬೇಕು. ನಿದ್ದೆ ಕಣ್ಣಿಗೆ ಹತ್ತುವುದಿಲ್ಲ, ಊಟ ಮಣ್ಣಿನಂತೆ.

"ಕುತ್ತಿಗಿ ಮಟಾನ ಐತಮ್ಮ. ಆದ್ರ ಇದೇನು ರೋಗ ಅಲ್ಲ, ನನ್ನ ಸ್ವಭಾವ" ಅಂದರು. ಮತ್ತೆ ಅಡುಗೆಮನೆಯ ಕಡೆ ತಿರುಗಿ, "ಆಕೀಗೂ ಹಿಂಗ ಆಗ್ತೈತೇನು?" ಎಂದರು.

ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳುವಂತಿರಲಿಲ್ಲ. "ಅದನ್ನ ಆಕೀನ ಕೇಳ್ರಿ ಅಮ್ಮಾ" ಅಂದೆ.

ಅವರು ಎದ್ದು ಒಳಗೆ ಹೋದರು. ನಾನು ಹಿತ್ತಲಲ್ಲೇ ಉಳಿದೆ. "ಸಿಲಿಂಡರ್ ನೋಡ್ದಾಗ ನಿನಗ ಒಳಗ ಏನಾಗ್ತೈತಿ?" ಎಂದು ಕೇಳಿದ್ದು ನನಗೂ ಕೇಳಿಸಿತು. ಸೊಸೆ ಬಹಳ ಹೊತ್ತು ಮೆಲ್ಲಗೆ ಏನೋ ಹೇಳಿದಳು. ಮಧ್ಯೆ ಒಮ್ಮೆ ಅತ್ತೆಯ ಅಳು ಕೇಳಿತು. ಹೊರಟಾಗ, ಬಳ್ಳಾರಿಯ ಆಸ್ಪತ್ರೆಯಲ್ಲಿ ನೀವೂ ಒಮ್ಮೆ ತೋರಿಸಿದರೆ ಒಳ್ಳೆಯದು ಎಂದಷ್ಟೇ ಅತ್ತೆಗೆ ಹೇಳಿದೆ. ಬರುತ್ತಾರೆ ಎಂಬ ನಂಬಿಕೆ ನನಗಿರಲಿಲ್ಲ.

ಆದರೆ ಬಂದರು, ಸೊಸೆಯನ್ನೂ ಜೊತೆಗೆ ಕರೆದುಕೊಂಡು. ಆ ದಿನ ನಾನೂ ಆಸ್ಪತ್ರೆಯಲ್ಲಿದ್ದೆ. ವೈದ್ಯರು ಇಬ್ಬರ ಚೀಟಿಯಲ್ಲೂ ಬೇರೆ ಬೇರೆ ಹೆಸರು ಬರೆದರು. ಮಾತ್ರೆಗಳಲ್ಲಿ ಒಂದು ಮಾತ್ರ ಇಬ್ಬರಿಗೂ ಒಂದೇ ಆಗಿತ್ತು. ಅತ್ತೆ ಎರಡೂ ಚೀಟಿಗಳನ್ನು ಪಕ್ಕಪಕ್ಕ ಹಿಡಿದು, "ಹೆಸರು ಎರಡು, ಗುಳಿಗಿ ಒಂದಾ?" ಎಂದು ಕೇಳಿದರು. ಚಿಕಿತ್ಸೆ ಶುರು ಮಾಡಲು ಒಂದು ಹೆಸರು ಬೇಕಾಗುತ್ತದೆ, ಒಳಗಿನ ತೊಂದರೆಗಳು ಆ ಹೆಸರಿನ ಗೆರೆ ದಾಟಿ ಹರಿಯುತ್ತಿರಬಹುದು ಎಂದೆ. ಅವರು ತಲೆಯಾಡಿಸಿದರು. ಪೂರ್ತಿ ಒಪ್ಪಿದಂತೆ ಕಾಣಲಿಲ್ಲ.

ಪವಾಡವೇನೂ ಆಗಲಿಲ್ಲ. ಸೊಸೆ ಮತ್ತೆ ಹೊಲಿಗೆಗೆ ಕೂತಳು, ಕೆಲವು ದಿನ ಈಗಲೂ ಮಿಷನ್ ಮುಟ್ಟುವುದಿಲ್ಲ. ಅತ್ತೆಗೆ ಸ್ವಲ್ಪ ನಿದ್ದೆ ಬರತೊಡಗಿತು. ನಾಟಕ ಎಂಬ ಮಾತು ಮಾತ್ರ ಆ ಮನೆಯಲ್ಲಿ ನಿಂತುಹೋಯಿತು. ನಮ್ಮ ಸಂಶೋಧನೆಯ ಲೆಕ್ಕ ಇನ್ನೂ ಮುಗಿದಿಲ್ಲ. ಅದರಿಂದ ಏನು ತಿಳಿಯುತ್ತದೋ ನನಗೆ ಗೊತ್ತಿಲ್ಲ.

ಈಚೆಗೆ ಕುರುಗೋಡಿನ ಬಸ್ ನಿಲ್ದಾಣದಲ್ಲಿ ತವರಿಗೆ ಬಂದಿದ್ದ ಸೊಸೆ ಸಿಕ್ಕಳು. ಅತ್ತೆ ಹೇಗಿದ್ದಾರೆಂದು ಕೇಳಿದೆ.

"ಬಳ್ಳಾರಿಗೆ ಹೋಗ್ಯಾರ್ರಿ, ಆಸ್ಪತ್ರಿಗೆ" ಅಂದಳು. "ಎದುರುಮನಿ ಅಕ್ಕಗೂ ಹಿಂಗ ಆಗ್ತಿತ್ತು, ತೋರಸಾಕ ಅಂಜ್ತಿದ್ಲು. 'ಬಾರವ್ವ, ನಾ ಇರ್ತೀನಿ' ಅಂತ ಕರ್ಕೊಂಡು ಹೋದ್ರು."