ದೋಸೆ ಹೊಯ್ಯುವವರ ದೋಣಿ

ನನ್ನ ಗಂಡ ಇಪ್ಪತ್ತೆರಡು ವರ್ಷ ದೋಸೆ ಹೊಯ್ದವರು. ಕೋಪರಖೈರಣೆಯ ಹೋಟೆಲಿನ ಕಾವಲಿಯ ಮುಂದೆ ಬೆಳಿಗ್ಗೆ ಆರಕ್ಕೆ ನಿಂತರೆ ಮಧ್ಯಾಹ್ನದವರೆಗೆ ಕಾಲು ಕೀಳುತ್ತಿರಲಿಲ್ಲ. ಬಂದವರೆಲ್ಲ ದೋಸೆಯನ್ನು ಹೊಗಳಿ ಹೋಗುತ್ತಿದ್ದರು, ಕೆಮ್ಮು ಮಾತ್ರ ಮನೆಗೆ ಬರುತ್ತಿತ್ತು. ಕೊನೆಗೆ ಡಾಕ್ಟರು ಖಂಡತುಂಡವಾಗಿ ಹೇಳಿದರು: ಇನ್ನು ಕಾವಲಿಯ ಹೊಗೆ ಬೇಡ.

ಸೀವುಡ್ಸಿನಲ್ಲಿ ಸ್ಟೇಷನ್ನಿನ ಮೇಲೆ ಮಾಲ್ ಏಳುತ್ತಿದ್ದ ವರ್ಷಗಳು. ಬೇರೆಯವರಾಗಿದ್ದರೆ ಅಲ್ಲೊಂದು ಸೆಕ್ಯೂರಿಟಿ ಕೆಲಸವನ್ನಾದರೂ ಹುಡುಕುತ್ತಿದ್ದರು. ಈ ಮಹಾನುಭಾವರು ಹೋಗಿ ಒಂದು ಹಳೆಯ ಅಲ್ಯುಮಿನಿಯಂ ದೋಣಿ ಕೊಂಡು ತಂದರು! ಹಿಂಬದಿಗೆ ಸಿಕ್ಕಿಸುವ ಮೋಟಾರೂ ಅದರ ಜೊತೆಗೇ ಬಂತು. ಅವರ ಅಪ್ಪ ಊರಿನ ಕಡವಿನಲ್ಲಿ ದೋಣಿ ನಡೆಸುತ್ತಿದ್ದವರು, ಆ ಹುಚ್ಚು ಎಲ್ಲೋ ಉಳಿದಿತ್ತು ಅಂತ ಕಾಣುತ್ತದೆ. ನಾನು ಎರಡು ದಿನ ಮಾತು ಬಿಟ್ಟೆ.

ಆದರೆ ಹುಚ್ಚಿಗೂ ಒಂದು ಲೆಕ್ಕಾಚಾರವಿತ್ತು. ಹೋಟೆಲಿಗೆ ಚಹಾಕ್ಕೆ ಬರುತ್ತಿದ್ದ ಕಾಲೇಜಿನ ಮೇಡಂ ಒಬ್ಬರು ವಾಶಿಯ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ನೀರನ್ನು ಪರೀಕ್ಷೆ ಮಾಡುತ್ತಿದ್ದರು. ಅವರಿಗೆ ವಾರವಾರ ದೋಣಿ ಬೇಕಿತ್ತು. ಒಂದೇ ಷರತ್ತು: ಮುಂಭಾಗದಲ್ಲಿ ನೆಟ್ಟಗೆ ನಿಂತು ನೀರಿಗೆ ಬಾಟಲಿ ಇಳಿಸುವ ಹಾಗಿರಬೇಕು. ಸೋಮವಾರ ಬಂದು ನೋಡುತ್ತೇನೆ ಎಂದಿದ್ದರು.

"ಅವರಿಗೆ ಸರಿ ಬಾರದಿದ್ರೆ?" ಅಂತ ಕೇಳಿದೆ.

"ಮತ್ತೆಂತ? ಪುನಃ ಕಾವಲಿ. ಧನಿಗಳು ಜಾಗ ಖಾಲಿ ಇಟ್ಟಿದ್ದಾರೆ."

ಅಷ್ಟು ಹಗುರವಾಗಿ ಹೇಳಿದರು.

ಶನಿವಾರ ಮಾರ್ಕೆಟ್ಟಿನ ಗುಮಾಸ್ತೆ ಕೆಲಸ ಮುಗಿಸಿ ನಾನು ಜೆಟ್ಟಿಗೆ ಹೋದಾಗ ಭರತದ ನೀರು ಏರಿತ್ತು. ಅವರು ಮೋಟಾರು ಎಳೆದು ಜೋರು ಕೊಟ್ಟರು. ದೋಣಿಯ ಮೂತಿ ಆಕಾಶಕ್ಕೆದ್ದಿತು, ಹಿಂಭಾಗ ನೀರಿನಲ್ಲಿ ಕುಸಿಯಿತು. ಇವರು ಕುತ್ತಿಗೆ ಉದ್ದ ಮಾಡಿ ಅತ್ತಿತ್ತ ಇಣುಕುತ್ತಿದ್ದರು. ಜೆಟ್ಟಿಯಲ್ಲಿ ಬಲೆ ಹೊಲಿಯುತ್ತಿದ್ದ ಮುದುಕ, "ಅಣ್ಣಾ, ಪುಢಚಂ ಕಾಹೀ ದಿಸತಂ ಕಾ?" ಎಂದು ಕೂಗಿದ. ಮುಂದಿನದ್ದು ಏನಾದರೂ ಕಾಣುತ್ತದೆಯೇ ಎಂದು ಅವನ ಕುಚೋದ್ಯ.

ದೋಣಿ ದಡಕ್ಕೆ ಬಂದಾಗ ನಾನು ಒಳಗೆ ಬಗ್ಗಿ ನೋಡಿದೆ. ಪೆಟ್ರೋಲ್ ಟ್ಯಾಂಕು, ಬ್ಯಾಟರಿ, ಲಂಗರು, ಹತ್ಯಾರಿನ ಪೆಟ್ಟಿಗೆ, ಕುಡಿಯುವ ನೀರಿನ ಕ್ಯಾನು ಎಲ್ಲವೂ ಹಿಂದೆ, ಅವರ ಕಾಲಬುಡದಲ್ಲೇ. ನನಗೆ ತಕ್ಷಣ ಹೋಟೆಲು ನೆನಪಾಯಿತು. ಹಿಟ್ಟು ಬಲಕ್ಕೆ, ಎಣ್ಣೆ ಎಡಕ್ಕೆ, ಪಲ್ಯ ಎದುರಿಗೆ, ಕಾವಲಿ ಗುಡಿಸುವ ಪೊರಕೆ ಕೈಬದಿಗೆ. ದೋಸೆ ಹೊಯ್ಯುವವರಿಗೆ ಕಾಲು ಕೀಳದೆ ಎಲ್ಲವೂ ಸಿಗಬೇಕು.

"ಇದು ದೋಣಿಯಾ, ನಿಮ್ಮ ಅಡುಗೆಕೋಣೆಯಾ ಮಾರಾಯ್ರೇ? ಸಾಮಾನೆಲ್ಲ ನಿಮ್ಮ ಸುತ್ತಲೇ ಉಂಟಲ್ಲ!"

"ಕೈಗೆ ಸಿಕ್ಕದಿದ್ರೆ ಕೆಲಸ ಮಾಡುದು ಹೇಗೆ?" ಎಂದರು. ಮುಖ ಗಂಟು ಹಾಕಿಕೊಂಡರು. ಇಪ್ಪತ್ತೆರಡು ವರ್ಷದ ಅಭ್ಯಾಸವನ್ನು ಹೆಂಡತಿ ಒಂದು ಮಾತಿನಲ್ಲಿ ತಪ್ಪು ಎಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

ಭಾನುವಾರ ಬೆಳಿಗ್ಗೆ ನೋಡಿದರೆ, ಅಡುಗೆಮನೆಯಿಂದ ಊಟದ ಸ್ಟೀಲ್ ತಟ್ಟೆ ಎತ್ತಿಕೊಂಡು ಹೊರಟಿದ್ದರು. ನಾನೂ ಬೆನ್ನಿಗೇ ಜೆಟ್ಟಿಗೆ ಹೋದೆ. ಹೋಟೆಲಿನಲ್ಲಿ ಹೊಸ ಕಾವಲಿ ಕೂರಿಸುವಾಗ ಅವರು ನಡುವೆ ಒಂದು ಸೌಟು ಎಣ್ಣೆ ಬಿಡುತ್ತಿದ್ದರು. ಎಣ್ಣೆ ಯಾವ ಕಡೆ ಹರಿಯುತ್ತದೋ ಆ ಕಡೆಯ ಕಾಲಿಗೆ ಚಕ್ಕೆ ಕೊಟ್ಟು ಎತ್ತುವುದು. ಈಗ ದೋಣಿಯ ನಡುಹಲಗೆಯ ಮೇಲೆ ತಟ್ಟೆ ಇಟ್ಟು ಬೆರಳಷ್ಟು ನೀರು ಹೊಯ್ದರು. ತಮ್ಮ ಜಾಗದಲ್ಲಿ ಹೋಗಿ ಕೂತರು. ನೀರು ಹಿಂದಕ್ಕೆ, ಬಲಕ್ಕೆ ಸರಿಯಿತು. ಅವರು ಕೂರುವುದೂ ಬಲಕ್ಕೇ.

ಆಮೇಲೆ ನಾನು ಕಂಡ ತಾಳ್ಮೆಯನ್ನು ಏನೆಂದು ಹೇಳಲಿ! ಒಂದು ಸಲಕ್ಕೆ ಒಂದೇ ವಸ್ತು. ಲಂಗರು ಮೂತಿಗೆ ಹೋಯಿತು, ತಟ್ಟೆ ನೋಡಿದರು. ಬ್ಯಾಟರಿ ಮುಂದಿನ ಹಲಗೆಯಡಿಗೆ ಹೋಯಿತು, ಮತ್ತೆ ತಟ್ಟೆ. ಪೆಟ್ರೋಲ್ ಪೈಪು ಉದ್ದದ್ದು ಹಾಕಿ ಟ್ಯಾಂಕನ್ನು ಎಡಕ್ಕೆ ಮುಂದಕ್ಕೆ ದೂಡಿದರು. ಜಾರದ ಹಾಗೆ ಒಂದೊಂದನ್ನೂ ಹಗ್ಗದಿಂದ ಬಿಗಿದರು. ಕೊನೆಗೆ ಮೋಟಾರಿನ ಹಿಡಿಗೆ ಪ್ಲಾಸ್ಟಿಕ್ ಪೈಪಿನ ತುಂಡು ತೊಡಿಸಿ ಉದ್ದ ಮಾಡಿ, ತಾವೇ ಎದ್ದು ಒಂದು ಹಲಗೆ ಮುಂದೆ ಬಂದು ಕೂತರು. ಎಲ್ಲವನ್ನೂ ಕೈಯಳತೆಯಲ್ಲಿ ಇಟ್ಟುಕೊಂಡು ಬದುಕಿದ ಮನುಷ್ಯ ಒಂದೊಂದನ್ನೇ ದೂರ ಕಳಿಸುತ್ತಿದ್ದರು. ತಟ್ಟೆಯ ನೀರು ನಡುವಿಗೆ ಬಂತು.

ಓಡಿಸಿದರೆ ಮೂತಿ ಇನ್ನೂ ಸ್ವಲ್ಪ ಏಳುತ್ತಿತ್ತು. ನನ್ನನ್ನು ಮುಂದೆ ಕೂರಿಸಿದರು, ದೋಣಿ ಮಟ್ಟವಾಯಿತು.

"ನನ್ನ ತೂಕ ಕೊನೆಗೂ ಉಪಕಾರಕ್ಕೆ ಬಂತಲ್ಲ!" ಎಂದೆ.

ಅವರು ನಗಲಿಲ್ಲ. ಮೇಡಂ ನನ್ನ ಅರ್ಧ ಇದ್ದರು. ಅವರೊಬ್ಬರೇ ಕೂತರೂ ದೋಣಿ ಹೀಗೇ ಓಡಬೇಕಿತ್ತು.

ಮೋಟಾರನ್ನು ಎತ್ತಿ ಅದರ ಬುಡ ನೋಡುತ್ತ ಬಹಳ ಹೊತ್ತು ಕೂತರು. ಅಲ್ಲಿ ಸಾಲಾಗಿ ತೂತುಗಳು, ಒಂದರಲ್ಲಿ ಕಬ್ಬಿಣದ ಪಿನ್ನು. ಪಿನ್ನು ಯಾವ ತೂತಿನಲ್ಲಿದೆಯೋ ಅದಕ್ಕೆ ತಕ್ಕಂತೆ ಮೋಟಾರಿನ ಓರೆ. ನನ್ನನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಪಿನ್ನನ್ನು ಒಂದು ತೂತು ಒಳಗೆ ಹಾಕಿದರು, ಮೂತಿ ಇಳಿಯಿತು. ಆಸೆಯಿಂದ ಇನ್ನೊಂದು ಒಳಗೆ ಹಾಕಿದರು. ಮೂತಿ ನೀರನ್ನು ಅಗೆದು ನನ್ನ ಮುಖಕ್ಕೇ ಎರಚಿತು.

"ಉಪ್ಪು ಹೆಚ್ಚಾಯ್ತು" ಎಂದು ಒಂದು ತೂತು ಹಿಂದಕ್ಕೆ ಬಂದರು. ಅಲ್ಲಿಗೆ ನಿಂತಿತು. ಒದ್ದೆ ಸೀರೆಯಲ್ಲಿ ಕೂತ ನನಗೆ ಅವರ ಮೇಲೆ ಹೆಮ್ಮೆ ಉಕ್ಕಿ ಬಂತು.

ಸೋಮವಾರ ರಜೆ ಹಾಕಿ ಜೆಟ್ಟಿಯಲ್ಲಿ ನಿಂತೆ. ದೋಣಿ ದೂರ ಹೋಯಿತು. ಮೇಡಂ ಮುಂಭಾಗದಲ್ಲಿ ಎದ್ದು ನಿಂತರು, ಬಗ್ಗಿದರು, ಬಾಟಲಿ ಇಳಿಸಿ ಎತ್ತಿದರು. ದೋಣಿ ತೊನೆಯಲಿಲ್ಲ. ದಡಕ್ಕೆ ಬಂದವರೇ, "ಅಗ್ಲೇ ಸೋಮ್ವಾರ್ ಸೇ ಶುರು ಕರೇಂಗೆ" ಎಂದು ಮುಂದಿನ ಸೋಮವಾರದಿಂದಲೇ ಕೆಲಸ ಗೊತ್ತುಮಾಡಿ, ಚೀಲ ಹೆಗಲಿಗೇರಿಸಿ ನಡೆದರು. ಬಲೆಯ ಮುದುಕ ಈ ಸಲ ಹೊಲಿಗೆ ಬಿಟ್ಟು ದೋಣಿಯನ್ನೇ ನೋಡಿದ.

"ಬಾ, ಒಂದು ಸುತ್ತು" ಎಂದರು ಇವರು. ನಾನು ಮುಂದಿನ ಹಲಗೆಯಲ್ಲಿ ಅವರ ಕಡೆ ಮುಖ ಮಾಡಿ ಕೂತೆ. ಮೋಟಾರು ಗುಡುಗಿ ನೀಲಿ ಹೊಗೆ ಉಗುಳಿತು. ನನಗೆ ಸಿಟ್ಟು ನೆತ್ತಿಗೇರಿತು.

"ಡಾಕ್ಟರು ಹೊಗೆ ಬೇಡ ಹೇಳಿದ್ದಲ್ವಾ? ಇಲ್ಲಿಯೂ ಹೊಗೆಯೇ ಅಲ್ವಾ?"

ಅವರು ಜೋರು ಕೊಟ್ಟರು. ದೋಣಿ ಮಟ್ಟಸವಾಗಿ ಮುಂದೆ ಓಡಿತು.

"ಇದು ಹಿಂದೆ ಹೋಗ್ತದೆ ಮಾರಾಯ್ತಿ."

ಸೇತುವೆಯವರೆಗೂ ನಾನು ಖಾಡಿಯನ್ನು ನೋಡಲಿಲ್ಲ. ಅವರ ಎದೆಯನ್ನೇ ನೋಡುತ್ತ ಕೂತಿದ್ದೆ. ಒಂದು ಸಲವೂ ಕೆಮ್ಮಲಿಲ್ಲ.